ಮೂರನೇ ಬಾವಿಯ ಆಚೆಗಿನ ಹಾಡು

ಸಿದ್ರಾಮ ಕಾಕಾ ಎದುರಿಗೆ ನಿಂತವರ ಮುಖ ನೋಡಿ ಮಾತಾಡುತ್ತಿರಲಿಲ್ಲ, ಕಾಲು ನೋಡಿ ಮಾತಾಡುತ್ತಿದ್ದರು. ಹೊಸಬರಿಗೆ ಇದರಿಂದ ಬಹಳ ಮುಜುಗರವಾಗುತ್ತಿತ್ತು. ಒಮ್ಮೆ ರಾಯಬಾಗದಿಂದ ಬಂದಿದ್ದ ಮಾಸ್ತರರೊಬ್ಬರು ತಮ್ಮ ಚಪ್ಪಲಿಗೆ ಏನೋ ಮೆತ್ತಿದೆ ಎಂದುಕೊಂಡು ಎರಡು ಸಲ ಅಂಗಳಕ್ಕೆ ಹೋಗಿ ಒರೆಸಿಕೊಂಡು ಬಂದರು. ಕಾಕಾ ನೋಡುತ್ತಿದ್ದದ್ದು ಚಪ್ಪಲಿಯನ್ನಲ್ಲ, ಕಾಲಿನ ಹೆಬ್ಬೆರಳನ್ನು. ಹಿಂದೆ ಎಲ್ಲೋ ರೇಡಿಯೊ ಹಾಡುತ್ತಿದ್ದರೆ ಎದುರಿನವರ ಹೆಬ್ಬೆರಳು ತಾಳ ಹಾಕುತ್ತದೋ ಇಲ್ಲವೋ, ಹಾಕಿದರೆ ಹಾಡಿನ ಯಾವ ಜಾಗದಿಂದ ಹಾಕುತ್ತದೆ, ಇಷ್ಟೇ ಅವರ ಕುತೂಹಲ.

"ಬಾಯಿ ಮರ್ಯಾದಿಗೆ ಹೊಗಳತೈತಿ, ಸುನಂದವ್ವಾ. ಹೆಬ್ಬಟ್ಟಿಗೆ ಮರ್ಯಾದಿ ಅಂದ್ರ ಏನಂತ ಗೊತ್ತಿಲ್ಲ," ಎಂದು ನನಗೆ ಹೇಳುತ್ತಿದ್ದರು. ತಮ್ಮ ಸಂಗೀತವನ್ನೆಲ್ಲ ಅವರು ಆ ಒಂದು ನಂಬಿಕೆಯ ಮೇಲೆ ನಿಲ್ಲಿಸಿದ್ದರು.

ನಮ್ಮೂರು ಉಗಾರ ಬುದ್ರುಕ. ಕೃಷ್ಣೆಯ ದಂಡೆ, ಎತ್ತ ತಿರುಗಿದರೂ ಕಬ್ಬು. ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಈಚೆ ನಮ್ಮ ಪಡಸಾಲೆ, ಆಚೆ ಅವರ ಆಡಿನ ಕೊಟ್ಟಿಗೆ. ರಕ್ತಸಂಬಂಧ ಏನೂ ಇರಲಿಲ್ಲ, ಇದ್ದದ್ದು ಗೋಡೆಯ ಸಂಬಂಧ. ಆದರೂ ಹುಟ್ಟಿದಾಗಿನಿಂದ ಅವರು ನನಗೆ ಕಾಕಾ, ಅವರ ಹೆಂಡತಿ ಗಂಗವ್ವ ನನಗೆ ಕಾಕು. ಒಂದು ತುಂಡು ಹೊಲ, ಏಳೆಂಟು ಆಡು, ಒಂದು ಹಠಮಾರಿ ಎಮ್ಮೆ, ಇಷ್ಟು ಅವರ ಸಂಸಾರ. ಮದುವೆಯ ಹಂಗಾಮು ಬಂತೆಂದರೆ ಮಾತ್ರ ಕಾಕಾ ಬೇರೆಯೇ ಮನುಷ್ಯರಾಗುತ್ತಿದ್ದರು. ಬಿಳಿ ಟೋಪಿ, ಮಿಂಚಿನ ಅಂಚಿನ ನೀಲಿ ಕೋಟು. ನಮ್ಮೂರ ಬ್ಯಾಂಜೊ ಪಾರ್ಟಿಯಲ್ಲಿ ಮುಖ್ಯ ಬ್ಯಾಂಜೊ ಅವರದು.

ನಮ್ಮ ಗಡಿಭಾಗದ ಬ್ಯಾಂಜೊ ನೋಡದವರಿಗೆ ಹೇಳುತ್ತೇನೆ. ಅದು ಉದ್ದನೆಯ ಕಟ್ಟಿಗೆಯ ಪೆಟ್ಟಿಗೆ. ಮೈಮೇಲೆ ತಂತಿ, ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈ ಗುಂಡಿ ಒತ್ತಬೇಕು, ಬಲಗೈ ಪ್ಲಾಸ್ಟಿಕ್ಕಿನ ಚೂರಿನಿಂದ ತಂತಿ ಮೀಟಬೇಕು. ಅದಕ್ಕೊಂದು ವಾಯರು, ವಾಯರಿನ ತುದಿಗೆ ಆಂಪ್ಲಿಫೈಯರ್, ಅದರ ಮುಂದೆ ಕಹಳೆಯಂಥ ಧ್ವನಿವರ್ಧಕ, ಕರ್ಣಾ. ಎಲ್ಲವನ್ನೂ ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಹೇರಿಕೊಂಡು, ಹಲಗಿ ತಾಶಾ ವಾದ್ಯ ಕಟ್ಟಿಕೊಂಡು ವರಾತಿನ, ಅಂದರೆ ಮದುವೆ ಮೆರವಣಿಗೆಯ ಜೊತೆ ಊರೆಲ್ಲ ತಿರುಗಬೇಕು. ಟ್ರಾಲಿಯ ತೀರ ಮುಂದೆ, ಕುಣಿಯುವವರಿಗೆ ಮುಖ ಮಾಡಿ ಕೂಡುವವನು ಮುಖ್ಯ ಬ್ಯಾಂಜೊದವನು. ಇಪ್ಪತ್ತು ವರ್ಷ ಆ ಜಾಗದಲ್ಲಿ ಕಾಕಾ ಕೂತಿದ್ದರು.

ತಂತಿ ಮೀಟುವ ಚೂರನ್ನು ಅವರು ಅಂಗಡಿಯಿಂದ ತರುತ್ತಿರಲಿಲ್ಲ. ಒಡೆದ ಬಕೆಟ್ಟಿನಿಂದ ಕತ್ತರಿಸಿ ಕಲ್ಲಿಗೆ ತಿಕ್ಕಿ ನುಣುಪು ಮಾಡುತ್ತಿದ್ದರು. ಅದೂ ಕೆಂಪು ಬಕೆಟ್ಟೇ ಆಗಬೇಕು. "ನೀಲಿ ಬಕೆಟ್ಟಿಂದು ಬರೇ ಕರಕರ ಅಂತೈತಿ. ಕೆಂಪಂದು ಮಾತಾಡತೈತಿ ನೋಡ." ಕೆಂಪು ಬಕೆಟ್ಟು ತಾನಾಗಿ ಒಡೆಯುವವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ ಎಂಬುದು ಕಾಕುವಿನ ಅನುಮಾನ. "ನನ್ನ ಬಕೆಟ್ಟ ಒಡದು ಊರ ಮಂದೀನ ಕುಣಸ್ತಾನ ಈ ಮನಶ್ಯಾ," ಎಂದು ಹಂಡೆಯಲ್ಲಿ ನೀರು ಕಾಯಿಸುತ್ತ ಗೊಣಗುತ್ತಿದ್ದಳು. ಅವಳ ಮನೆಯಲ್ಲಿ ಎಲ್ಲ ಬಕೆಟ್ಟೂ ನೀಲಿಯಾದದ್ದು ಆ ಮೇಲೆ.

ತೊಂಬತ್ತೈದರ ಸುಮಾರು. ಅಥಣಿಯ ಕಾಲೇಜಿನಲ್ಲಿ ನನ್ನ ಬಿ.ಎ. ಮುಗಿದಿತ್ತು. ಗಂಡು ಹುಡುಕುವ ಕೆಲಸ ಹಿರಿಯರದು, ಸಿಗುವವರೆಗೆ ಕಾಯುವ ಕೆಲಸ ನನ್ನದು. ಆಗಲೇ ಅಣ್ಣ ನಿಪ್ಪಾಣಿಗೆ ಹೋದವನು ಟಿವಿಗೆ ಜೋಡಿಸಿ ಆಡುವ ಗೇಮು ತಂದ. ಎಂಟು ದಿನ ಅವನೇ ಆಡಿದ. ಕಬ್ಬು ಕಡಿಯುವ ಗ್ಯಾಂಗು ಬಂದ ಮೇಲೆ ಅವನಿಗೆ ಪುರಸೊತ್ತು ತಪ್ಪಿ ಅದು ನನ್ನ ಪಾಲಿಗೆ ಬಂತು. ಕ್ಯಾಸೆಟ್ಟಿನ ಮೇಲೆ ನಮಗಾರಿಗೂ ಓದಲು ಬಾರದ ಲಿಪಿ. ತೆರೆಯ ಮೇಲೆ ಒಂದು ಕೆಂಪು ಕಪ್ಪೆ. ಅದು ಸಾಲಾಗಿ ಬರುವ ಬಾವಿಗಳನ್ನು ಹಾರಿ ಹಾರಿ ದಾಟಬೇಕು. ನಾವು ಅದಕ್ಕೆ ಕಪ್ಪೆ ಆಟ ಎಂದೇ ಹೆಸರಿಟ್ಟೆವು. ಆಟದ ಉದ್ದಕ್ಕೂ ಒಂದು ಹಾಡು, ಮಾತಿಲ್ಲದ, ಉಸಿರಿಲ್ಲದ, ಚುರುಕಾದ ಹಾಡು. ನಾನು ಎಷ್ಟೇ ಹುಷಾರಾಗಿ ಆಡಿದರೂ ಮೂರನೇ ಬಾವಿಗೆ ಬೀಳುತ್ತಿದ್ದೆ. ಆಟ ಮತ್ತೆ ಮೊದಲಿನಿಂದ. ಸತ್ಯವಾಗಿ ಹೇಳುವುದಾದರೆ ಆಟಕ್ಕಿಂತ ನನಗೆ ಆ ಹಾಡೇ ಹುಚ್ಚು ಹಿಡಿಸಿತ್ತು. ಭಾಂಡೆ ತೊಳೆಯುವಾಗಲೂ ಅದನ್ನೇ ಗುನುಗುತ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಟಿವಿ ಸುಮ್ಮನೆ ಕರ್ರಗೆ ಕೂತಿತ್ತು. ಆದರೂ ಕಪ್ಪೆಯ ಹಾಡು ಕೇಳತೊಡಗಿತು. ಗೋಡೆಗೆ ಕಿವಿ ಹಚ್ಚಿದರೆ ಹಾಡು ಆಚೆಯಿಂದ ಬರುತ್ತಿದೆ. ಹೋಗಿ ನೋಡಿದರೆ ಕಾಕಾ ಆಡಿನ ಕೊಟ್ಟಿಗೆಯಲ್ಲಿ ಮೇವಿನ ರಾಶಿಯ ಮೇಲೆ ಚಕ್ಕಳಮಕ್ಕಳ ಕೂತು ಬ್ಯಾಂಜೊ ಮೀಟುತ್ತಿದ್ದಾರೆ. ನನ್ನನ್ನು ಕಂಡು ಕಳ್ಳತನ ಸಿಕ್ಕವರಂತೆ ಕೈ ನಿಲ್ಲಿಸಿದರು.

"ಈ ಹಾಡ ಯಾರ ಮಾಡ್ಯಾರ ಸುನಂದವ್ವಾ?"

"ಯಾರೋ ಜಪಾನದವ್ರ ಇರಬೇಕ್ರಿ ಕಾಕಾ."

"ಭಾಳ ಶಾಣ್ಯಾ ಮಂದಿ. ಮನಶ್ಯಾಗ ಉಸರ ತಗೊಳ್ಳಾಕ ಜಾಗಾನ ಬಿಟ್ಟಿಲ್ಲ," ಎಂದರು. ಆಮೇಲೆ ಚೂರನ್ನು ಬೆರಳಲ್ಲಿ ತಿರುವುತ್ತ, ನನ್ನ ಕಾಲನ್ನೇ ನೋಡುತ್ತ, ಯಾರಿಗೂ ಹೇಳದ ಸಂಗತಿಯನ್ನು ಹೇಳಿದರು. ಟ್ರಾಲಿ ಮತ್ತು ಆಂಪ್ಲಿಫೈಯರಿನ ಒಡೆಯ ಮಹಾದೇವ. ಅವನು ಮಿರಜಿನಿಂದ ಕೀಬೋರ್ಡ್ ನುಡಿಸುವವನನ್ನು ಕರೆಸುವ ಮಾತಾಡುತ್ತಿದ್ದ. ಕಾಕಾ ಹಳೆಯ ಹಾಡು ಹಿಡಿದರೆ ಪಡ್ಡೆಗಳು ಕೈಕಟ್ಟಿ ನಿಲ್ಲುತ್ತಾರೆ ಎಂಬುದು ಅವನ ದೂರು. ಒಂದು ಹಂಗಾಮು ನೋಡುತ್ತೇನೆ, ಜನ ಕುಣಿಯದಿದ್ದರೆ ನೀನು ಹಿಂದೆ ಕೂತು ಖುಳಖುಳಿ ಗಿಲಕಿ ಅಲ್ಲಾಡಿಸು ಎಂದಿದ್ದನಂತೆ.

"ಹಿಂದ ಕುಂತ್ರ ಮಂದಿ ಕಾಲ ಕಾಣೂದಿಲ್ಲ," ಎಂದರು ಕಾಕಾ. ಮುಖದ ಮೇಲೆ ನಗು ಇತ್ತು, ದನಿಯಲ್ಲಿ ಇರಲಿಲ್ಲ. "ಯಾವ ಪಾರ್ಟ್ಯಾಗೂ ಇರದ ಒಂದ ಹಾಡ ಬೇಕ ನನಗ. ಈ ನಿನ್ನ ಕಪ್ಪಿ ಹಾಡ ಕೊಡತಿಯೇನ?"

ಜಪಾನದವರ ಹಾಡನ್ನು ದಾನ ಮಾಡುವ ಅಧಿಕಾರ ನನಗೆ ಯಾರು ಕೊಟ್ಟಿದ್ದರು? ನಾನಂತೂ ಧಾರಾಳವಾಗಿ ಕೊಟ್ಟೆ.

ಅಲ್ಲಿಂದ ಸುರುವಾಯಿತು. ಕಾಕಾ ಹೊಸ ಹಾಡನ್ನು ಮನೆಯಲ್ಲಿ ತಿದ್ದುವವರಲ್ಲ. ಎದ್ದು ಹೋಗಲು ಆಗದ ಜನ ಎಲ್ಲಿ ಕೂತಿರುತ್ತಾರೋ ಅಲ್ಲಿಗೆ ಬ್ಯಾಂಜೊ ಹೊತ್ತು ಹೋಗುತ್ತಿದ್ದರು. ಮೊದಲನೆಯ ಜಾಗ ಹಿಟ್ಟಿನ ಗಿರಣಿ. ಅಲ್ಲಿ ಹೆಂಗಸರು ಜೋಳದ ಬುಟ್ಟಿ ಸಾಲಿಗಿಟ್ಟು ಕೂತಿರುತ್ತಾರೆ, ಪಾಳಿ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಕಾಕಾ ಟಿವಿಯಲ್ಲಿ ಇದ್ದಂತೆಯೇ, ಅದೇ ವೇಗದಲ್ಲಿ ಬಾರಿಸಿದರು. ಮುಗಿದ ಮೇಲೆ ಗಿರಣಿಯ ಶಾಂತಕ್ಕ ಹಿಟ್ಟು ಮೆತ್ತಿದ ಹುಬ್ಬು ಏರಿಸಿ, "ಯಣ್ಣಾ, ಎಲ್ಲೆರೆ ಬೆಂಕಿ ಬಿದ್ದೈತೇನ?" ಎಂದು ಕೇಳಿದಳು. ಒಂದೇ ಒಂದು ಕಾಲು ಅಲುಗಾಡಿತ್ತು, ಅದೂ ಇರುವೆ ಕಚ್ಚಿದ್ದಕ್ಕೆ. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. "ಬರೋಬರ ಹೇಳಿದಳು. ಟಿವ್ಯಾಗ ಓಡೂದು ಕಪ್ಪಿ. ವರಾತಿನ್ಯಾಗ ಮನಶ್ಯಾರು," ಎಂದು ಬರುವ ದಾರಿಯಲ್ಲೇ ವೇಗ ಇಳಿಸಿದರು.

ಎರಡನೆಯ ಸಲ ಬೆಲ್ಲದ ಗಾಣಕ್ಕೆ. ಅಲ್ಲಿ ಕೊಪ್ಪರಿಗೆಯ ಸುತ್ತ ನಿಂತವರು ಬೆಲ್ಲ ಹದಕ್ಕೆ ಬರುವವರೆಗೆ ಜಾಗ ಬಿಡುವಂತಿಲ್ಲ. ಈ ಸಲ ಹಾಡಿನ ಕೆಳಗೆ ಹಲಗಿಯ ಏಟು ಹಾಕಿಸಿದ್ದರು. ಹೆಬ್ಬೆರಳು ಎದ್ದವು, ಆದರೆ ನಡುವೆ ತಪ್ಪಿ ಕೂತವು. ಯಾಕೆಂದು ಎರಡು ದಿನ ಯೋಚಿಸಿ, ಕಪ್ಪೆ ಹಾರುವಲ್ಲಿ ಒಂದು ಏಟನ್ನು ಖಾಲಿ ಬಿಟ್ಟರು. "ಜಿಗಿಯಾಕ ಜಾಗಾ ಬೇಕಲ್ಲ. ಎಲ್ಲಾ ತುಂಬಿದ್ರ ಕಾಲ ಎಲ್ಲಿ ಎತ್ತಬೇಕ?" ಆ ಖಾಲಿ ಏಟಿನಿಂದ ಹಾಡಿಗೆ ನಿಜವಾಗಿ ಕುಣಿಯುವ ನಡು ಬಂತು.

ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಹಬ್ಬಿ ಎಲ್ಲರೂ ಸಲಹೆಗಾರರಾದರು. ಕಾಗವಾಡದ ಬಸ್ಸಿನ ಕಂಡಕ್ಟರ್ ನಡುವೆ ಹಾರ್ನು ಬರಬೇಕೆಂದ. ದರ್ಜಿಯೊಬ್ಬ ಹೆಣ್ಣು ಒಪ್ಪಿಸುವ ಹೊತ್ತಿನ ಅಳು ಬರಬೇಕೆಂದ. ಇನ್ಯಾರೋ ಭಜನೆಯ ಧಾಟಿಯಲ್ಲಿ ಎತ್ತಿಕೊಂಡರೆ ಶುಭ ಎಂದರು. ಕಾಕಾನ ದೊಡ್ಡ ದೋಷ ಎಂದರೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಎಲ್ಲವನ್ನೂ ಸೇರಿಸಿದರು. ಸಂಕ್ರಾಂತಿಯ ಹೊತ್ತಿಗೆ ಹಾಡು ಹತ್ತು ನಿಮಿಷದ್ದಾಗಿ, ಅದರಲ್ಲಿ ಹಾರ್ನು, ಅಳು, ಭಜನೆ ಎಲ್ಲ ಇದ್ದವು. ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, "ಕಾಕಾ, ಇದರಾಗ ನನ್ನ ಕಪ್ಪಿ ಎಲ್ಲೈತ್ರಿ?" ಎಂದೆ.

ಅವರು ಬ್ಯಾಂಜೊ ಕೆಳಗಿಟ್ಟು ಎಮ್ಮೆಯ ಕಡೆಗೆ ತಿರುಗಿದರು. ನಾನು ಹಾಗೆ ಹೇಳಬಾರದಿತ್ತು ಎನಿಸಿ ನನಗೆ ನಾಚಿಕೆಯಾಯಿತು. ಆಮೇಲೆ ಎಮ್ಮೆಗೆ ಹೇಳುವವರಂತೆ ಹೇಳಿದರು: "ತಪ್ಪ ನಂದ. ಮಂದಿ ಬಾಯಿಲೆ ಹೇಳಿದ್ದನ್ನ ಕೇಳಿದೆ. ಕಾಲ ಹೇಳಿದ್ದ ಬಿಟ್ಟೆ." ಮರುದಿನ ಹಾರ್ನೂ ಇಲ್ಲ, ಅಳುವೂ ಇಲ್ಲ. ಕಂಡಕ್ಟರ್ ಒಂದು ತಿಂಗಳು ಕಾಕಾನನ್ನು ಕಂಡರೂ ಕಾಣದವನಂತೆ ರೈಟ್ ಹೇಳಿ ಹೋಗುತ್ತಿದ್ದ.

ಆ ಚಳಿಗಾಲದಲ್ಲಿ ನನ್ನ ಮದುವೆ ಗೊತ್ತಾಯಿತು. ಗಂಡು ತೆಲಸಂಗದವರು, ಅಲ್ಲಿಯ ಹೈಸ್ಕೂಲಿನಲ್ಲಿ ಮಾಸ್ತರು. ಮದುವೆ ನಮ್ಮೂರಲ್ಲೇ, ವರಾತಿಗೆ ನಮ್ಮೂರದೇ ಪಾರ್ಟಿ. ಮಹಾದೇವ ಒಂದು ದಿನ ಕೊಟ್ಟಿಗೆಗೆ ಬಂದು ಹಾಡು ಕೇಳಿದ. ತಲೆ ಆಡಿಸಿದ. "ಛಲೋ ಐತಿ ಸಿದ್ರಾಮಣ್ಣ, ಸುಳ್ಳ ಹೇಳೂದಿಲ್ಲ. ಖರೆ ಗಿಡ್ಡೈತಿ. ಅಗಸಿಯಿಂದ ಮಂಟಪದ ತನಾ ಇದನ್ನ ಎಷ್ಟ ಸಲ ತಿರುಗಸ್ತಿ? ಸುನಂದಾನ ಮದುವ್ಯಾಗ ಮಂದಿ ಕುಣೀಲಿ, ನೀ ಮುಂದ ಕೂಡ. ಇಲ್ಲಂದ್ರ ಮಿರಜಕ್ಕ ಫೋನ್ ಹಚ್ಚತೇನಿ," ಎಂದು ಹೇಳಿ ಹೋದ.

ಕಾಕಾ ನಮ್ಮ ಪಡಸಾಲೆಗೆ ಬಂದರು. "ಅವ ಅಂದದ್ದ ಖರೆ ಐತಿ. ಮೂರನೇ ಸುತ್ತಿಗೆ ಹೆಬ್ಬಟ್ಟ ದಣೀತಾವ. ಹಾಡ ಸುರು ಆಗೂದ್ರಾಗ ಆ ಕಡೀ ನಾಕ ಸ್ವರ ಬಂದ ಮುಗಸೇ ಬಿಡತಾವ," ಎಂದರು.

"ಯಾವ ನಾಕ ಸ್ವರ?"

ಅವರು ಬಾಯಿಂದಲೇ ಅಂದು ತೋರಿಸಿದರು. ಮೇಲಿನಿಂದ ಕೆಳಕ್ಕೆ ಉರುಳಿ ಬರುವ ನಾಲ್ಕು ಸ್ವರ, ಕೊನೆಗೊಂದು ಡಬ್ಬೆನ್ನುವ ಸದ್ದು. ನಾನು ನಕ್ಕು ನಕ್ಕು ಗೋಡೆ ಹಿಡಿದೆ. ಅದನ್ನು ಅವರು ಬೇಕಂತಲೇ ಚಂದಕ್ಕೆ ಇಟ್ಟುಕೊಂಡಿದ್ದಾರೆ ಎಂದೇ ನಾನು ಅಷ್ಟು ತಿಂಗಳೂ ತಿಳಿದಿದ್ದೆ.

"ಕಾಕಾ, ಅದು ಹಾಡಲ್ಲರಿ! ಕಪ್ಪಿ ಬಾವ್ಯಾಗ ಬಿದ್ದ ಸತ್ತಾಗ ಬರೂ ಸಪ್ಪಳ!"

"ದಿನಾ ಬರತಿತ್ತಲ್ಲ, ಅದ ಜಾಗಾದಾಗ?"

"ದಿನಾ ನಾ ಅಲ್ಲೇ ಸಾಯತಿದ್ನಿ!"

ಗೋಡೆಯಾಚೆ ಕೂತು ಅವರು ಕಲಿತದ್ದು ಕಪ್ಪೆಯ ಹಾಡನ್ನಲ್ಲ, ನನ್ನ ಸೋಲಿನಷ್ಟು ಉದ್ದದ ಹಾಡನ್ನು. ಕಾಕಾನ ಮುಖ ಮೊದಲು ಬಿಳಿಚಿತು, ಆಮೇಲೆ ಅದರಲ್ಲಿ ಏನೋ ಹೊಳೆಯಿತು. ನನ್ನ ಮುಖವನ್ನು ನೇರವಾಗಿ ನೋಡಿದ ಅಪರೂಪದ ಸಲ ಅದು. "ಅಂದ್ರ ಬಾವಿ ಆಚೆ ಕಡೆ ಹಾಡ ಇನ್ನೂ ಐತಿ?"

"ಇರಬೇಕ್ರಿ. ನಾ ಕಂಡಿಲ್ಲ."

"ಹಂಗಾರ ದಾಟ," ಎಂದು ಅಲ್ಲೇ ಚಾಪೆಯ ಮೇಲೆ ಕೂತರು.

ಮದುವೆ ಗೊತ್ತಾದ ಹುಡುಗಿ ಹಪ್ಪಳ ಶಾವಿಗೆ ಬಿಟ್ಟು ಹಗಲೆಲ್ಲ ಕಪ್ಪೆ ಹಾರಿಸುತ್ತ ಕೂತದ್ದನ್ನು ಕಂಡು ಅವ್ವನ ತಲೆ ಕೆಟ್ಟಿತು. "ಬೀಗ್ರ ನೋಡಿದ್ರ ಏನಂದಾರು?" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ನಾನು ಬೀಳುತ್ತಲೇ ಇದ್ದೆ. ಎರಡನೆಯ ದಿನ ಕಾಕಾ ಕಣ್ಣು ಮುಚ್ಚಿ, "ನೀ ಕಣ್ಣೀಲೆ ನೋಡಿ ಹಾರಸ್ತಿ, ಅದಕ್ಕ ತಡಾ ಆಗತೈತಿ. ಹಾಡ ಕೇಳ. ನಾ ಹೂಂ ಅಂದಾಗ ಒತ್ತ," ಎಂದರು. ಮೊದಲ ಬಾವಿ, ಹೂಂ. ಎರಡನೇ ಬಾವಿ, ಹೂಂ. ಮೂರನೆಯದಕ್ಕೆ ಅವರ ಹೂಂ ನಾನು ಎಂದೂ ಒತ್ತದಷ್ಟು ಮೊದಲೇ ಬಂತು. ನಂಬಿಕೆಯಿಲ್ಲದೆ ಒತ್ತಿದೆ. ಕಪ್ಪೆ ಗಾಳಿಯಲ್ಲಿ ತೇಲಿ, ಆಚೆಯ ದಂಡೆಗೆ ಕಾಲೂರಿತು.

ಹಾಡು ಬದಲಾಯಿತು. ಅಲ್ಲಿಯವರೆಗೆ ಓಡುತ್ತಿದ್ದದ್ದು ಒಮ್ಮೆಲೇ ನಿಧಾನವಾಗಿ, ಮೆತ್ತಗಾಗಿ ಏರತೊಡಗಿತು. ಹೊಳೆಯ ಮೇಲಿನ ಸಂಜೆ ಗಾಳಿಯಂತಿತ್ತು. ನಾನು ಆಟ ಮರೆತು ಕೇಳುತ್ತ ಕೂತದ್ದರಿಂದ ಕಪ್ಪೆ ನಾಲ್ಕನೇ ಬಾವಿಗೆ ಬಿತ್ತು. ಕಾಕಾ ಟೋಪಿ ತೆಗೆದು ಕಣ್ಣು ಒರೆಸಿಕೊಂಡರು. "ಇಂಥಾದ್ದ ಆಚೆ ಇಟ್ಟಾರಲ್ಲ, ಮಂದೀಗೆ ಸಿಗಬಾರದಂತ," ಎಂದರು. ಅಡುಗೆಮನೆಯಿಂದ ಅವ್ವನ ಸಪ್ಪಳವೂ ನಿಂತಿತ್ತು. ಎಂಟು ದಿನ ನಾನು ಬಾವಿ ದಾಟುತ್ತಲೇ ಇದ್ದೆ, ಅವರು ಆ ಭಾಗವನ್ನು ಒಂದೊಂದೇ ಸ್ವರ ಕೂಡಿಸಿಕೊಳ್ಳುತ್ತಲೇ ಇದ್ದರು.

ಆಗ ಹೊಸ ತೊಡಕು. ನಾಲ್ಕು ಸ್ವರದ ಗುಟ್ಟು ಅವ್ವನಿಗೆ ತಿಳಿಯಿತು. "ಮಗಳ ಮದುವ್ಯಾಗ ಸತ್ತ ಸಪ್ಪಳಾ? ನಾ ಜೀವಂತ ಇರೂತನಾ ಆಗೂದಿಲ್ಲ," ಎಂದು ಕೈಯಲ್ಲಿ ಲಟ್ಟಣಿಗೆ ಹಿಡಿದೇ ಗೋಡೆಯಾಚೆ ಹೋದಳು. ಕಾಕಾ ವಾದಿಸಲಿಲ್ಲ. "ಖರೆ ಐತ್ರಿ ವೈನಿ, ತೆಗೀತೇನ್ರಿ," ಎಂದು ತೆಗೆದರು. ಆ ನಾಲ್ಕು ಏಟಿನ ಜಾಗಕ್ಕೆ ಬೇರೆ ಏನೇನೋ ಹಾಕಿ ನೋಡಿದರು, ಯಾವುದೂ ಒಗ್ಗಲಿಲ್ಲ. ಕೊನೆಗೆ ಖಾಲಿಯೇ ಬಿಟ್ಟರು. ಮೊದಲ ಭಾಗ, ನಾಲ್ಕು ಏಟಿನ ಮೌನ, ಆಮೇಲೆ ಬಾವಿಯಾಚೆಯ ಭಾಗ.

ವರಾತಿನ ಹೊತ್ತಿಗೆ ಬಿಸಿಲು ಇನ್ನೂ ಇತ್ತು. ಜೀಪಿನ ಹಿಂದಿನ ಸೀಟಿನಲ್ಲಿ ನಾನು ಮತ್ತು ನಾನು ಇನ್ನೂ ಒಂದು ಮಾತೂ ಆಡದ ನನ್ನ ಗಂಡ. ಮುಂದೆ ಟ್ರಾಲಿ, ಟ್ರಾಲಿಯ ಮುಂದುಗಡೆ ನೀಲಿ ಕೋಟಿನ ಕಾಕಾ. ತೆಲಸಂಗದವರು ಒಣಬೇಸಾಯದ ಬಿಗಿ ಮಂದಿ. ಕಬ್ಬಿನ ಊರಿನವರ ಕುಣಿತವನ್ನು ಪರೀಕ್ಷೆಗೆ ಬಂದವರಂತೆ ಸಾಲಾಗಿ ಕೈಕಟ್ಟಿ ನಿಂತಿದ್ದರು. ಮಹಾದೇವನೂ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಹಿಂದೆ ಮುಂದೆ ನೋಡುತ್ತಿದ್ದ. ನನ್ನ ಮದುವೆಯ ದಿನ ನನಗೆ ಗಂಡನ ಚಿಂತೆಗಿಂತ ಕಾಕಾನ ಚಿಂತೆ ಹೆಚ್ಚಾಗಿತ್ತು ಎಂದರೆ ಈಗಲೂ ಮನೆಯಲ್ಲಿ ನಗುತ್ತಾರೆ.

ಕಾಕಾ ಹಾಡು ಎತ್ತಿಕೊಂಡರು. ನಮ್ಮೂರಿನವರು ಕುಣಿಯತೊಡಗಿದರು. ನನ್ನ ಪಕ್ಕದಲ್ಲಿ ಏನೋ ಅಲುಗಾಡಿತು. ಬಾಸಿಂಗದ ಮುತ್ತಿನ ಎಳೆಗಳ ನಡುವಿನಿಂದ ಗಂಡ ಮೊದಲ ಬಾರಿ ಮಾತಾಡಿದರು: "ಇದು ಕಪ್ಪಿ ಆಟದ್ದಲ್ಲಾ? ಈಗ ಮೂರನೇ ಬಾವಿ ಬರತೈತಿ."

ನಾನು ಬೆಚ್ಚಿ, "ನೀವ ದಾಟೀರೇನ್ರಿ?" ಎಂದೆ.

"ಎಲ್ಲೀದು. ಅಥಣಿ ಬಸ್ ಸ್ಟ್ಯಾಂಡಿನ ಗೇಮ್ ಅಂಗಡ್ಯಾಗ ನಾಕ ತಿಂಗಳ ಆಡೇನಿ. ಅಲ್ಲೇ ಬೀಳತಿದ್ನಿ."

"ನಾ ದಾಟೇನಿ," ಎಂದೆ. ಹೊಸ ಮದುಮಗಳು ಅಷ್ಟು ಜಂಬದಿಂದ ಮಾತಾಡಬಾರದಿತ್ತು. "ಮುಂದ ಕೇಳ್ರಿ."

ಮೌನದ ಜಾಗ ಬಂತು. ಬ್ಯಾಂಜೊ ನಿಂತಿತು, ಹಲಗಿ ನಿಂತಿತು. ಆದರೆ ನಾಲ್ಕು ತಿಂಗಳಿಂದ ಗಿರಣಿಯಲ್ಲಿ, ಗಾಣದಲ್ಲಿ ಅದೇ ಹಾಡು ಕೇಳಿದ್ದ ನಮ್ಮೂರ ಕಾಲುಗಳಿಗೆ ಅವ್ವನ ಅಪ್ಪಣೆ ಯಾರು ಮುಟ್ಟಿಸಬೇಕು? ಬಾರಿಸದಿದ್ದರೂ ಅವರಿಗೆ ಆ ನಾಲ್ಕು ಸ್ವರ ಕೇಳಿಸಿದವು. ಇಪ್ಪತ್ತು ಮೂವತ್ತು ಜನ ಒಮ್ಮೆಲೇ ಕೈ ಮೇಲೆತ್ತಿ, ಆ ಡಬ್ಬೆನ್ನುವ ಜಾಗಕ್ಕೆ ಸರಿಯಾಗಿ ಬಾವಿಗೆ ಬಿದ್ದ ಕಪ್ಪೆಗಳಂತೆ ಮಣ್ಣಿನ ದಾರಿಯಲ್ಲಿ ದಬದಬ ಬಿದ್ದರು. ತೆಲಸಂಗದ ಹಿರಿಯರು "ಏ ಏನಾತೋ, ನೀರ ತರ್ರಿ!" ಎಂದು ಓಡಿ ಬಂದರು. ಬಿದ್ದವರು ಮಿಸುಕಲಿಲ್ಲ. ಆಗ ಬಾವಿಯಾಚೆಯ ಹಾಡು ಮೆಲ್ಲಗೆ ಎದ್ದಿತು, ಅದರ ಜೊತೆ ಬಿದ್ದವರೂ ಮೈಯ ಧೂಳಿನೊಡನೆ ಮೆಲ್ಲಗೆ ಎದ್ದರು. ಎರಡನೆಯ ಸುತ್ತಿಗೆ ನೀರು ತರಲು ಹೋಗಿದ್ದವರೇ ತಂಬಿಗೆ ಕೆಳಗಿಟ್ಟು ಬಿದ್ದರು. ಊರಬಾಗಿಲ ಅಗಸಿಯಿಂದ ಮಂಟಪಕ್ಕೆ ಹತ್ತು ನಿಮಿಷದ ದಾರಿ, ನಾವು ತಲುಪುವಾಗ ಹೊತ್ತು ಮುಳುಗಿತ್ತು. ನನ್ನ ಗಂಡ ಬಾಯಿ ತೆರೆದು ಕೇಳುತ್ತಿದ್ದರು. ಮಹಾದೇವ ಮಡ್‌ಗಾರ್ಡಿನಿಂದ ಯಾವಾಗ ಇಳಿದಿದ್ದನೋ, ಅವನ ಬಿಳಿ ಪ್ಯಾಂಟಿನ ಹಿಂಭಾಗವೆಲ್ಲ ಮಣ್ಣಾಗಿತ್ತು.

ಮರುದಿನ ಬೀಳ್ಕೊಡುವಾಗ ಕಾಕಾ ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟು: "ನಿಮ್ಮವ್ವನ ಹೆಬ್ಬಟ್ಟ ಎರಡನೇ ಸುತ್ತಿನ್ಯಾಗ ಎದ್ದಿತ್ತ. ಅಕೀಗೆ ಹೇಳಬ್ಯಾಡ."

ಮಿರಜಿಗೆ ಫೋನು ಹೋಗಲಿಲ್ಲ. ಹಾಡು ಮಾತ್ರ ಎಲ್ಲ ಕಡೆ ಹೋಯಿತು. ರಾಯಬಾಗದಲ್ಲಿ, ಚಿಕ್ಕೋಡಿಯಲ್ಲಿ, ಆಚೆ ನಿಪ್ಪಾಣಿಯ ಪಾರ್ಟಿಗಳೂ ಅದನ್ನು ಬಾರಿಸತೊಡಗಿದವು, ನಮ್ಮದೇ ಎಂದೂ ಹೇಳಿಕೊಂಡವು. ನನಗೆ ಸಿಟ್ಟು ಬರುತ್ತಿತ್ತು. ಕಾಕಾನಿಗೆ ಅದರ ಬಗ್ಗೆ ಬೇಜಾರಿರಲಿಲ್ಲ, ಇದ್ದ ಬೇಜಾರು ಬೇರೆ. ಬೀಳುವ ಆಟದ ಹುಚ್ಚಿನಲ್ಲಿ ಎಲ್ಲರೂ ಮೊದಲ ಭಾಗವನ್ನಷ್ಟೇ ಕದ್ದಿದ್ದರು. ಬಾವಿಯಾಚೆಯ ಭಾಗಕ್ಕೆ ಬೆರಳು ನಯವಾಗಿ ಜಾರಬೇಕು, ಅದು ಯಾರಿಗೂ ಸಾಧಿಸಿರಲಿಲ್ಲ. "ಮಂದೀನ ಕೆಡವಿ ಹಂಗ ಬಿಡತಾರ. ಎಬ್ಬಸೂದಿಲ್ಲ," ಎಂದು ನಾನು ತವರಿಗೆ ಹೋದಾಗಲೆಲ್ಲ ಹೇಳುತ್ತಿದ್ದರು. ಮೂರು ಹಂಗಾಮು ಆದ ಮೇಲೆ ಅವರ ಎಡಗೈ ಬೆರಳು ಬಿಗಿಯತೊಡಗಿದವು. ದಮ್ಮೂ ಹತ್ತಿತು. "ನನ್ನ ಯಾರೂ ಇಳಸಲಿಲ್ಲ ಸುನಂದವ್ವಾ, ನಾನ ಇಳದೆ," ಎಂದು ಹೇಳುವಾಗ ದನಿಯಲ್ಲಿ ಹೆಮ್ಮೆಯಿತ್ತು. ನಮ್ಮೂರ ಪಾರ್ಟಿಯಲ್ಲಿ ಅವರ ಜಾಗಕ್ಕೆ ಬಂದ ಕೀಬೋರ್ಡಿನವನೂ ಮೊದಲ ಭಾಗವನ್ನಷ್ಟೇ ಬಾರಿಸುತ್ತಿದ್ದ.

ಕೊನೆಯ ಸಲ ನಾನು ಅವರನ್ನು ಕಂಡದ್ದು ಒಂದು ಬೇಸಿಗೆಯ ಸಂಜೆ. ಕಂಕುಳಲ್ಲಿ ಮಗಳು, ನಮ್ಮ ಕಟ್ಟೆಯ ಮೇಲೆ ಕಾಕಾನ ಪಕ್ಕ ಕೂತಿದ್ದೆ. ಯಾರದೋ ವರಾತು ಓಣಿಗೆ ಬಂತು. ದಿಗ್ಗೇವಾಡಿಯ ಪಾರ್ಟಿ, ಮುಂದೆ ಕೀಬೋರ್ಡಿನವನು. ನಮ್ಮ ಹಾಡೇ. ಜನ ಬಿದ್ದರು. ಮತ್ತೆ ಮೊದಲಿನಿಂದ ಅದೇ ಭಾಗ. ಕಾಕಾ ಎದ್ದು ನಿಂತರು, ಎರಡು ಹೆಜ್ಜೆ ಹೋಗುವುದರಲ್ಲಿ ಕೆಮ್ಮು ಬಂದು ಕುಸಿದು ಕೂತರು. ಟ್ರಾಲಿ ಮುಂದೆ ಸಾಗುತ್ತಿತ್ತು.

"ನನ್ನ ಕಡೆ ಆಗೂದಿಲ್ಲ. ನೀ ಹೋಗ. ಹಾಡಿ ತೋರಸ ಅವಗ."

"ನಾನಾ? ಓಣ್ಯಾಗ?"

"ಲಗೂನ ಹೋಗವ್ವಾ, ದಾಟಿ ಹೋದಾರು."

ಮಗಳನ್ನು ಅವರ ತೊಡೆಯ ಮೇಲೆ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಮಾಸ್ತರರ ಹೆಂಡತಿ, ಊರ ಮಗಳು, ಕುಣಿಯುವವರ ನಡುವೆ ನುಗ್ಗಿ ಟ್ರಾಲಿಯ ಅಂಚು ಹಿಡಿದುಕೊಂಡು ಬಾವಿಯಾಚೆಯ ಭಾಗವನ್ನು ಹಾಡಿದೆ. ಕೀಬೋರ್ಡಿನವನು ಮೊದಲು ಹೆದರಿದ. "ಏನ್ರಿ ಅಕ್ಕಾರ?" ಎಂದ. ನಾನು ನಿಲ್ಲಿಸಲಿಲ್ಲ. ಟ್ರಾಲಿಯ ಜೊತೆ ಓಡುತ್ತ ಮೂರು ಸಲ ಹಾಡಿದೆ. ಮೂರನೆಯ ಸಲಕ್ಕೆ ಅವನ ತಲೆ ಆಡಿತು. ಓಣಿಯ ತಿರುವಿನಲ್ಲಿ, ಜನ ಬಿದ್ದ ಮೇಲೆ, ಕೀಬೋರ್ಡು ಬಾವಿಯಾಚೆಯ ಹಾಡನ್ನು ತಡವರಿಸುತ್ತ ಎತ್ತಿತು. ಜನ ಎದ್ದರು.

ಏದುಸಿರು ಬಿಡುತ್ತ ಕಟ್ಟೆಗೆ ಮರಳಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಕಾಕಾ ದೂರ ಹೋಗುತ್ತಿದ್ದ ಹಾಡನ್ನು ಕೊನೆಯವರೆಗೆ ಕೇಳಿಸಿಕೊಂಡರು.

"ಹೋತು ಬಿಡ. ಇನ್ನ ಅದು ಎಲ್ಲಿ ಬೇಕಾದ್ರೂ ಹೋಗಲಿ," ಎಂದರು. ಆಮೇಲೆ ಮಗಳನ್ನು ನನ್ನ ಕೈಗೆ ಕೊಡುತ್ತ, "ಖರೆ ಒಂದ ಜಾಗಾದಾಗ ಗಡಬಡ ಮಾಡಿದಿ ಸುನಂದವ್ವಾ. ಅವನೂ ಹಂಗ ಹಿಡದ್ಯಾನ."

"ಎಲ್ಲಿರಿ ಕಾಕಾ?"

"ಬಾಯಿಲೆ ಹೇಳಿದ್ರ ತಿಳಿಯೂದಿಲ್ಲ. ನಾಳೆ ಬಾ, ಬ್ಯಾಂಜೊ ಮ್ಯಾಲೆ ತೋರಸ್ತೇನಿ."

ಮರುದಿನ ಮಗಳಿಗೆ ಜ್ವರ ಎಂದು ಮೊದಲ ಬಸ್ಸಿಗೇ ಅಥಣಿಯ ಡಾಕ್ಟರರ ಕಡೆಗೆ ಹೋದೆ, ಅಲ್ಲಿಂದ ಹಾಗೆಯೇ ತೆಲಸಂಗಕ್ಕೆ. ಮುಂದಿನ ಸಲ ಕೇಳಿದರಾಯಿತು ಎಂದುಕೊಂಡೆ. ಮಳೆಗಾಲ ಸುರುವಾಗುವುದರೊಳಗೆ ಕಾಕಾ ಹೋದರು ಎಂದು ಅಣ್ಣನ ಫೋನು ಬಂತು. ಆ ದಿನ ನಾನು ಅತ್ತಷ್ಟು ನನ್ನ ಮದುವೆಯಲ್ಲೂ ಅತ್ತಿರಲಿಲ್ಲ.

ದಿಗ್ಗೇವಾಡಿಯವರಿಂದ ಕೇಳಿ ಕಲಿತು ಈಗ ಈ ಕಡೆಯ ಪಾರ್ಟಿಗಳೆಲ್ಲ ಆ ಹಾಡನ್ನು ಪೂರ್ತಿಯಾಗಿ ಬಾರಿಸುತ್ತವೆ. ನಾನು ಕಲಿಸಿದಂತೆಯೇ, ಒಂದು ಸ್ವರ ಬಿಡದೆ ಬಾರಿಸುತ್ತವೆ. ಅದರಲ್ಲಿ ಎಲ್ಲೋ ಒಂದು ಕಡೆ ನನ್ನ ತಪ್ಪಿದೆ. ವರಾತು ಬಂದಾಗಲೆಲ್ಲ ಬಾಗಿಲಿಗೆ ಬಂದು ನಿಂತು ಕೇಳುತ್ತೇನೆ. ಅದು ಯಾವ ಜಾಗ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.